ಸೈ-ಫೈ ಟ್ರಿವಿಯಾ ಆಟದಲ್ಲಿ ಉತ್ತರಕ್ಕೆ ತಕರಾರು ಬಂದರೆ ಬಗೆಹರಿಸುವುದು ಹೇಗೆ?

ಓದುಗರು ಪದೇ ಪದೇ ಕೇಳುವ ಪ್ರಶ್ನೆ ಒಂದೇ. "ಕಾರ್ಡಿನ ಹಿಂದೆ ಒಂದು ಉತ್ತರ ಇದೆ. ನಮ್ಮ ತಂಡ ಇನ್ನೊಂದು ಹೇಳಿತು. ಎರಡಕ್ಕೂ ಆಧಾರ ಇದೆ. ಪಾಯಿಂಟ್ ಯಾರಿಗೆ ಕೊಡೋದು?"

ಟಿವಿ ಸೈ-ಫೈ (ವಿಜ್ಞಾನ ಕಲ್ಪನೆಯ) ಸರಣಿಗಳ ಮೇಲೆ ಟ್ರಿವಿಯಾ, ಅಂದರೆ ಸಣ್ಣಪುಟ್ಟ ವಿವರಗಳ ಕ್ವಿಜ್, ಆಡುವ ಯಾವ ಗುಂಪಿಗೂ ಈ ಜಗಳ ಹೊಸದಲ್ಲ. ಬೇರೆ ವಿಷಯದ ಕ್ವಿಜ್‌ಗಳಿಗಿಂತ ಇಲ್ಲಿ ಸ್ವಲ್ಪ ಜಾಸ್ತಿಯೇ. ಈ ಸರಣಿಗಳು ದಶಕಗಟ್ಟಲೆ ನಡೆದಿವೆ, ನಿಂತಿವೆ, ಮತ್ತೆ ಶುರುವಾಗಿವೆ. ಬರೆಯುವವರು ಬದಲಾಗಿದ್ದಾರೆ. ಹಿಂದಿನವರು ಬರೆದದ್ದನ್ನು ಮುಂದಿನವರು ತಿದ್ದಿದ್ದಾರೆ. ಹಾಗಾಗಿ ಇಬ್ಬರು ಅಭಿಮಾನಿಗಳು ಎರಡು ಬೇರೆ ಉತ್ತರ ಹೇಳಿ ಇಬ್ಬರೂ ಸರಿಯಾಗಿರಬಹುದು.

ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಇಂಥ ತಕರಾರುಗಳಲ್ಲಿ ಹೆಚ್ಚಿನವು ಹುಟ್ಟುವುದು ಪ್ರಶ್ನೆಯಲ್ಲಿ. ಪ್ರಶ್ನೆ ಬರೆದವರು ಒಂದು ಅರ್ಥ ಇಟ್ಟುಕೊಂಡಿರುತ್ತಾರೆ, ಕೇಳಿದವರು ಇನ್ನೊಂದು ಹಿಡಿಯುತ್ತಾರೆ. ಅದನ್ನು ಬಿಟ್ಟು ಎಲ್ಲರೂ ಉತ್ತರದ ಹಿಂದೆ ಬಿದ್ದು ಫೋನ್ ತೆಗೆಯುತ್ತಾರೆ. ಫೋನ್ ತೆಗೆಯುವ ಮುಂಚೆ ಪ್ರಶ್ನೆ ಓದಿ. ಕೆಳಗಿನ ಹಂತಗಳೆಲ್ಲ ಇದರ ಮೇಲೆ ನಿಂತಿವೆ.

ಏನೇನು ಬೇಕು

ಆಟ ನಡೆಸುವವರು ಒಬ್ಬರು. ಕೊನೆಯ ಮಾತು ಅವರದ್ದು. ಅವರು ಯಾವ ತಂಡದಲ್ಲೂ ಇರಬಾರದು. ಅಂಕ ಬರೆಯಲು ಇನ್ನೊಬ್ಬರು ಇದ್ದರೆ ಒಳ್ಳೆಯದು, ಏಕೆಂದರೆ ತೀರ್ಪು ಕೊಡುವವರೇ ಲೆಕ್ಕವನ್ನೂ ಇಟ್ಟರೆ ಎರಡೂ ಹದಗೆಡುತ್ತವೆ. ಐದಾರು ಸಾಲಿನ ನಿಯಮ ಬರೆದ ಒಂದು ಹಾಳೆ. ಮೀಸಲು ಪ್ರಶ್ನೆಗಳು, ಅಂದರೆ ಯಾವುದಾದರೂ ಪ್ರಶ್ನೆ ರದ್ದಾದರೆ ಅದರ ಜಾಗಕ್ಕೆ ಹಾಕಲು, ಪ್ರತಿ ಸುತ್ತಿಗೆ ಎರಡು ಸಾಕು. ಸಾಧ್ಯವಾದರೆ ಕಂತುಗಳನ್ನು ನೋಡಲು ಒಂದು ದಾರಿ: ಡಿವಿಡಿಯೋ, ಸ್ಟ್ರೀಮಿಂಗ್ ಖಾತೆಯೋ. ಜೊತೆಗೆ ಒಂದು ನೋಟ್‌ಬುಕ್.

ಇನ್ನು ಕೆಲವು ಪದಗಳು. ಅಭಿಮಾನಿಗಳು ಇವನ್ನು ಸಲೀಸಾಗಿ ಬಳಸುತ್ತಾರೆ, ಹೊಸಬರಿಗೆ ತಲೆಬುಡ ತಿಳಿಯುವುದಿಲ್ಲ. 'ಕ್ಯಾನನ್' ಅಂದರೆ ಆ ಸರಣಿಯ ಲೋಕದಲ್ಲಿ ನಿಜವಾಗಿ ನಡೆದದ್ದು ಎಂದು ಒಪ್ಪಿಕೊಂಡ ಕಥೆ. ಟಿವಿಯಲ್ಲಿ ಬಂದದ್ದು ಸಾಮಾನ್ಯವಾಗಿ ಕ್ಯಾನನ್. ಅದೇ ಪಾತ್ರಗಳ ಮೇಲೆ ಬರೆದ ಕಾದಂಬರಿ, ಕಾಮಿಕ್ಸ್ ಬಹಳ ಸಲ ಅಲ್ಲ. 'ರೀಟ್‌ಕಾನ್' ಅಂದರೆ ಹಿಂದೆ ಹೇಳಿದ್ದನ್ನು ಮುಂದಿನ ಕಂತಿನಲ್ಲಿ ಬದಲಿಸುವುದು. 'ಪೈಲಟ್' ಅಂದರೆ ಸರಣಿಗೆ ಚಾನೆಲ್ ಒಪ್ಪಿಗೆ ಕೊಡುವ ಮುಂಚೆ ತಯಾರಿಸುವ ಮಾದರಿ ಕಂತು. 'ರೀಬೂಟ್' ಅಂದರೆ ಹಳೆಯ ಸರಣಿಯನ್ನು ಬುಡದಿಂದ ಹೊಸದಾಗಿ ಮಾಡುವುದು. 'ಸ್ಪಿನ್-ಆಫ್' ಅಂದರೆ ಒಂದು ಸರಣಿಯಿಂದ ಕವಲೊಡೆದ ಇನ್ನೊಂದು ಸರಣಿ.

ಹಂತ 1: ನಿಯಮಗಳನ್ನು ಆಟಕ್ಕೆ ಮುಂಚೆಯೇ ಓದಿ ಹೇಳಿ

ತಕರಾರು ಬಂದ ಮೇಲೆ ಮಾಡುವ ನಿಯಮವನ್ನು ಯಾರೂ ನಂಬುವುದಿಲ್ಲ. ಅದು ಒಂದು ತಂಡದ ಪರವಾಗಿಯೇ ಕಾಣುತ್ತದೆ. ಆದ್ದರಿಂದ ಆರಂಭದಲ್ಲೇ ಇಷ್ಟನ್ನು ಹೇಳಿಬಿಡಿ.

ತಕರಾರು ಎತ್ತಲು ಸಮಯ ಯಾವಾಗಿನವರೆಗೆ? ಬಝರ್ ಒತ್ತಿ ಆಡುವ ಆಟವಾದರೆ ಮುಂದಿನ ಪ್ರಶ್ನೆ ಓದುವವರೆಗೆ. ಹಾಳೆಯಲ್ಲಿ ಬರೆದುಕೊಡುವ ಆಟವಾದರೆ ಆ ಸುತ್ತಿನ ಅಂಕ ಹೇಳಿ ಮುಗಿಯುವವರೆಗೆ. ಆಮೇಲೆ ಇಲ್ಲ.

ಹೆಸರು ಎಷ್ಟು ಹೇಳಿದರೆ ಸಾಕು? ಪಾತ್ರದ್ದಾಗಲಿ ನಟರದ್ದಾಗಲಿ, ಗೊಂದಲ ಇಲ್ಲದಿದ್ದರೆ ಒಂದು ಹೆಸರು ಸಾಕು ಎಂದಿಟ್ಟುಕೊಳ್ಳಿ. ಆದರೆ ಪೂರ್ತಿ ಹೆಸರು ಹೇಳಲು ಹೋಗಿ ಅರ್ಧ ತಪ್ಪಾದರೆ ಉತ್ತರ ತಪ್ಪು. ಇದನ್ನು ಮೊದಲೇ ಹೇಳದಿದ್ದರೆ ಪ್ರತಿ ಸುತ್ತಿನಲ್ಲೂ ಒಂದು ಜಗಳ ಖಾತ್ರಿ.

ಕಾಗುಣಿತ ನೋಡುತ್ತೀರಾ? ನೋಡಬೇಡಿ ಎನ್ನುವುದು ನನ್ನ ಸಲಹೆ. ಪ್ರಶ್ನೆಯೇ ಕಾಗುಣಿತದ ಮೇಲಿದ್ದರೆ ಮಾತ್ರ ಬೇರೆ. ಉದಾಹರಣೆಗೆ 1994ರ 'ಸ್ಟಾರ್‌ಗೇಟ್' ಸಿನಿಮಾದಲ್ಲಿ ಕರ್ನಲ್ ಓನೀಲ್ ಹೆಸರಿಗೆ ಇಂಗ್ಲಿಷಿನಲ್ಲಿ ಒಂದೇ 'ಎಲ್'. 1997ರಲ್ಲಿ ಶುರುವಾದ 'ಸ್ಟಾರ್‌ಗೇಟ್ ಎಸ್‌ಜಿ-1' ಸರಣಿಯಲ್ಲಿ ಎರಡು 'ಎಲ್'. ಅದರ ಬಗ್ಗೆಯೇ ಕೇಳಿದರೆ ಕಾಗುಣಿತ ನೋಡಲೇಬೇಕು.

ಕೊನೆಯದಾಗಿ, ಆಟ ನಡೆಯುವಾಗ ಆಟಗಾರರು ಫೋನ್ ಮುಟ್ಟಬಾರದು, ತಕರಾರಿನ ನೆಪದಲ್ಲೂ. ಹುಡುಕುವುದಿದ್ದರೆ ನಡೆಸುವವರು ಹುಡುಕಲಿ.

ಹಂತ 2: ತಕರಾರನ್ನು ಒಬ್ಬರೇ, ಒಂದೇ ವಾಕ್ಯದಲ್ಲಿ ಹೇಳಲಿ

ತಂಡದ ನಾಯಕರು ಮಾತ್ರ ಮಾತಾಡಬೇಕು. "ಪ್ರಶ್ನೆ ಇಂಥದ್ದು, ನಮ್ಮ ಉತ್ತರ ಇಂಥದ್ದು, ಇಂಥ ಕಂತಿನಲ್ಲಿ ಇದೆ." ಅಷ್ಟೇ. "ಎಲ್ಲರಿಗೂ ಗೊತ್ತಿರೋದೇ ಅಲ್ವಾ" ಎನ್ನುವುದು ಆಧಾರ ಅಲ್ಲ. "ನಾನು ಆ ಸರಣೀನ ಹತ್ತು ಸಲ ನೋಡಿದೀನಿ" ಎನ್ನುವುದೂ ಅಲ್ಲ.

ಇಲ್ಲಿ ಒಂದು ಎಚ್ಚರಿಕೆ. ಆಧಾರ ಹೇಳುವ ಭರದಲ್ಲಿ ಮುಂದಿನ ಸೀಸನ್‌ನ ದೊಡ್ಡ ತಿರುವನ್ನು ಬಾಯಿಬಿಟ್ಟರೆ, ಅದನ್ನು ಇನ್ನೂ ನೋಡದವರ ಖುಷಿ ಹಾಳಾಗುತ್ತದೆ. ಕಥೆಯ ಗುಟ್ಟು ಹೊರಬೀಳುವ ಹಾಗಿದ್ದರೆ ಚೀಟಿಯಲ್ಲಿ ಬರೆದು ನಡೆಸುವವರಿಗೆ ಕೊಡಿ. ಹಲವರು ಇದನ್ನು ಸಣ್ಣ ವಿಷಯ ಎಂದುಕೊಳ್ಳುತ್ತಾರೆ. ನನಗೆ ಒಂದು ಪಾಯಿಂಟ್‌ಗಿಂತ ಇದು ದೊಡ್ಡದು.

ಹಂತ 3: ಪ್ರಶ್ನೆಯನ್ನು ಇನ್ನೊಮ್ಮೆ ಗಟ್ಟಿಯಾಗಿ ಓದಿ

ಎಲ್ಲಕ್ಕಿಂತ ಮುಖ್ಯವಾದ ಹಂತ ಇದು. ಜನ ಇದನ್ನೇ ಬಿಟ್ಟು ಮುಂದೆ ಹೋಗುತ್ತಾರೆ.

ಒಂದು ಪ್ರಶ್ನೆಯನ್ನು ಹತ್ತಿರದಿಂದ ನೋಡೋಣ. "ಎಂಟರ್‌ಪ್ರೈಸ್ ನೌಕೆಯ ಮೊದಲ ಕ್ಯಾಪ್ಟನ್ ಯಾರು?" ಇದು 'ಸ್ಟಾರ್ ಟ್ರೆಕ್' ಸರಣಿಯ ಬಾಹ್ಯಾಕಾಶ ನೌಕೆ. ಆ ಸರಣಿ ಗೊತ್ತಿರುವ ನಾಲ್ಕು ಜನ ಇದಕ್ಕೆ ನಾಲ್ಕು ಉತ್ತರ ಕೊಡಬಹುದು.

ಒಬ್ಬರು ಜೇಮ್ಸ್ ಕರ್ಕ್ ಎನ್ನುತ್ತಾರೆ. 1966ರಲ್ಲಿ ಸರಣಿ ಟಿವಿಗೆ ಬಂದಾಗ ಜನ ಮೊದಲು ನೋಡಿದ ಕ್ಯಾಪ್ಟನ್ ಅವನೇ. ಇನ್ನೊಬ್ಬರು ಕ್ರಿಸ್ಟಫರ್ ಪೈಕ್ ಎನ್ನುತ್ತಾರೆ. 1964ರ ಕೊನೆಗೆ ಚಿತ್ರೀಕರಿಸಿದ ಮೊದಲ ಪೈಲಟ್ 'ದಿ ಕೇಜ್'ನಲ್ಲಿ ಕ್ಯಾಪ್ಟನ್ ಪೈಕ್. ಎನ್‌ಬಿಸಿ ಚಾನೆಲ್ ಆ ಪೈಲಟ್ ಒಪ್ಪಲಿಲ್ಲ, ಎರಡನೆಯದು ಮಾಡಿಸಿತು, ಕರ್ಕ್ ಬಂದ. ಮೂರನೆಯವರು ರಾಬರ್ಟ್ ಏಪ್ರಿಲ್ ಎನ್ನುತ್ತಾರೆ. ಕಥೆಯೊಳಗೆ ಪೈಕ್‌ಗಿಂತ ಮುಂಚೆ ಆ ನೌಕೆ ನಡೆಸಿದವನು ಅವನು. 1974ರ ಅನಿಮೇಟೆಡ್ ಕಂತಿನಲ್ಲಿ ಅವನನ್ನು ತೋರಿಸಿದರು; 2022ರಲ್ಲಿ ಶುರುವಾದ 'ಸ್ಟ್ರೇಂಜ್ ನ್ಯೂ ವರ್ಲ್ಡ್ಸ್' ಸರಣಿಯಲ್ಲೂ ಅವನಿದ್ದಾನೆ. ನಾಲ್ಕನೆಯವರು ಜೊನಾಥನ್ ಆರ್ಚರ್ ಎನ್ನುತ್ತಾರೆ. 2001ರಲ್ಲಿ ಬಂದ 'ಎಂಟರ್‌ಪ್ರೈಸ್' ಸರಣಿ ಕರ್ಕ್ ಕಾಲಕ್ಕಿಂತ ಸುಮಾರು ನೂರು ವರ್ಷ ಹಿಂದೆ ನಡೆಯುತ್ತದೆ. ಅಲ್ಲಿಯ ನೌಕೆ ಬೇರೆ, ಹೆಸರು ಅದೇ.

ನಾಲ್ವರಲ್ಲಿ ಯಾರೂ ಸುಳ್ಳು ಹೇಳುತ್ತಿಲ್ಲ. ಪ್ರಶ್ನೆಯೇ ಒಡೆದುಹೋಗಿದೆ. ಇಂಥ ಪ್ರಶ್ನೆ ಕೈಗೆ ಬಂದಾಗ ನಾಲ್ಕು ವಿಷಯ ಪರೀಕ್ಷಿಸಿ.

ಮೊದಲನೆಯದು, ಕೇಳಿದ್ದು ಕಥೆಯೊಳಗಿನ ಲೋಕದ ಬಗ್ಗೆಯೋ, ಸರಣಿ ತಯಾರಾದ ಹೊರಲೋಕದ ಬಗ್ಗೆಯೋ? "ಡಾಲೆಕ್‌ಗಳನ್ನು ಸೃಷ್ಟಿಸಿದ್ದು ಯಾರು?" ಡಾಲೆಕ್‌ಗಳು ಬಿಬಿಸಿಯ 'ಡಾಕ್ಟರ್ ಹೂ' ಸರಣಿಯಲ್ಲಿ ಯಂತ್ರದ ಕವಚದೊಳಗಿರುವ ಖಳರು. ಕಥೆಯೊಳಗೆ ಉತ್ತರ ಡಾವ್ರೊಸ್ ಎಂಬ ವಿಜ್ಞಾನಿ, 1975ರ 'ಜೆನೆಸಿಸ್ ಆಫ್ ದಿ ಡಾಲೆಕ್ಸ್' ಕಥೆ ಅದನ್ನೇ ತೋರಿಸುತ್ತದೆ. ಹೊರಗೆ, ಕಥೆ ಬರೆದು ಅವುಗಳನ್ನು ಹುಟ್ಟುಹಾಕಿದವರು ಟೆರಿ ನೇಷನ್. ಅವುಗಳ ರೂಪ ವಿನ್ಯಾಸ ಮಾಡಿದವರು ಬಿಬಿಸಿಯ ರೇಮಂಡ್ ಕ್ಯೂಸಿಕ್. ಮೂರು ಹೆಸರು, ಮೂರಕ್ಕೂ ನ್ಯಾಯ ಇದೆ. ಕರ್ಕ್ ಅಂಗಿಯ ಬಣ್ಣದ ಜಗಳವೂ ಇದೇ ಜಾತಿಯದು. ಪರದೆಯ ಮೇಲೆ ಅದು ಚಿನ್ನದ ಹಳದಿಯಾಗಿ ಕಾಣುತ್ತದೆ. ಬಟ್ಟೆ ನಿಜಕ್ಕೂ ಹಸಿರು ಛಾಯೆಯದು, ಸ್ಟುಡಿಯೋ ಬೆಳಕಿಗೆ ಹಾಗೆ ಕಂಡಿತು.

ಎರಡನೆಯದು, ತಯಾರಾದ ಕ್ರಮವೋ, ಪ್ರಸಾರವಾದ ಕ್ರಮವೋ? 'ಫೈರ್‌ಫ್ಲೈ' ಇದಕ್ಕೆ ಒಳ್ಳೆಯ ಉದಾಹರಣೆ. ಕಥೆ ಶುರುವಾಗುವುದು 'ಸೆರೆನಿಟಿ' ಎಂಬ ಎರಡು ಗಂಟೆಯ ಪೈಲಟ್‌ನಿಂದ. ಆದರೆ 2002ರ ಸೆಪ್ಟೆಂಬರ್ 20ರಂದು ಫಾಕ್ಸ್ ಚಾನೆಲ್ ಮೊದಲು ಹಾಕಿದ್ದು 'ದಿ ಟ್ರೇನ್ ಜಾಬ್'. ಪೈಲಟ್ ಬಂದದ್ದು ಡಿಸೆಂಬರ್ 20ಕ್ಕೆ. ತಯಾರಾದ 14 ಕಂತುಗಳಲ್ಲಿ ಆ ಮೊದಲ ಸುತ್ತಿನಲ್ಲಿ ಪ್ರಸಾರವಾದದ್ದು 11 ಮಾತ್ರ. ಡಿವಿಡಿಯಲ್ಲಿ ನೋಡಿದವರು ಒಂದು ಉತ್ತರ ಹೇಳುತ್ತಾರೆ, ಆಗ ಟಿವಿಯಲ್ಲಿ ನೋಡಿದವರು ಇನ್ನೊಂದು. ಪ್ರಸಾರ ಎಂದರೆ ಎಲ್ಲಿಯ ಪ್ರಸಾರ ಎನ್ನುವುದೂ ನೆನಪಿರಲಿ. 'ಸ್ಟಾರ್ ಟ್ರೆಕ್' ಅಮೆರಿಕದಲ್ಲಿ ಶುರುವಾದದ್ದು 1966ರ ಸೆಪ್ಟೆಂಬರ್ 8ರಂದು. ಕೆನಡಾದ ಚಾನೆಲ್ಲೊಂದು ಅದಕ್ಕೆ ಎರಡು ದಿನ ಮುಂಚೆಯೇ ಮೊದಲ ಕಂತನ್ನು ಹಾಕಿತ್ತು.

ಮೂರನೆಯದು, ಯಾವ ಸರಣಿ? "ಸ್ಟಾರ್‌ಬಕ್ ಪಾತ್ರ ಮಾಡಿದ್ದು ಯಾರು?" 1978ರ 'ಬ್ಯಾಟಲ್‌ಸ್ಟಾರ್ ಗ್ಯಾಲಕ್ಟಿಕಾ' ನೋಡಿದವರಿಗೆ ಡರ್ಕ್ ಬೆನಡಿಕ್ಟ್. 2003ರಲ್ಲಿ ಶುರುವಾದ ರೀಬೂಟ್ ನೋಡಿದವರಿಗೆ ಕೇಟೀ ಸ್ಯಾಕಾಫ್. ವರ್ಷ ಹೇಳದೆ ಕೇಳಿದರೆ ಎರಡನ್ನೂ ಒಪ್ಪಲೇಬೇಕು. 'ದಿ ಟ್ವೈಲೈಟ್ ಝೋನ್' 1959ರಲ್ಲಿ ಶುರುವಾಯಿತು, ಆಮೇಲೆ 1985, 2002, 2019ರಲ್ಲಿ ಅದೇ ಹೆಸರಿನಲ್ಲಿ ಮತ್ತೆ ಬಂತು. ಹೆಸರು ಒಂದೇ ಇರುವ ಸರಣಿಯ ಪಕ್ಕದಲ್ಲಿ ವರ್ಷ ಇಲ್ಲದ ಪ್ರಶ್ನೆ ಅರ್ಧ ಪ್ರಶ್ನೆ.

ನಾಲ್ಕನೆಯದು, ಪ್ರಶ್ನೆ ಬರೆದದ್ದು ಯಾವಾಗ? ಹಳೆಯ ಕಾರ್ಡಿನ ಡಬ್ಬಿ ಇಟ್ಟುಕೊಂಡು ಆಡುವವರು ಇದನ್ನು ಮರೆಯುತ್ತಾರೆ. "ದಿ ಎಕ್ಸ್-ಫೈಲ್ಸ್ ಎಷ್ಟು ಸೀಸನ್?" 2002ರಲ್ಲಿ ಸರಣಿ ನಿಂತಾಗ 9. ಆಮೇಲೆ 2016, 2018ರಲ್ಲಿ ಮತ್ತೆರಡು ಬಂದವು, ಈಗ 11. ಕಾರ್ಡಿನಲ್ಲಿ 9 ಎಂದಿದ್ದರೆ ಅದು ಬರೆದ ದಿನಕ್ಕೆ ಸರಿ. ಆಡುತ್ತಿರುವ ದಿನಕ್ಕೆ ತಪ್ಪು. "ಇವತ್ತಿನವರೆಗೆ" ಎಂದೇ ಅರ್ಥ ಮಾಡಿಕೊಳ್ಳಿ. ಆಟಗಾರರು ಕೇಳಿಸಿಕೊಂಡಿದ್ದೂ ಹಾಗೆಯೇ.

ಈ ನಾಲ್ಕನ್ನು ಪರೀಕ್ಷಿಸಿದರೆ ಸುಮಾರು ತಕರಾರುಗಳು ಇಲ್ಲಿಗೇ ಮುಗಿಯುತ್ತವೆ. ತಂಡ ಕೊಟ್ಟ ಉತ್ತರ, ನೀವು ಓದಿದ ಪ್ರಶ್ನೆಯ ಒಂದು ಸಹಜ ಅರ್ಥಕ್ಕೆ ಸರಿಹೊಂದಿದರೆ ಪಾಯಿಂಟ್ ಕೊಡಿ. 'ಸಹಜ' ಎನ್ನುವುದನ್ನು ಗಟ್ಟಿಯಾಗಿ ಹಿಡಿಯಿರಿ. ಗೆಲ್ಲಲೆಂದೇ ಎಳೆದು ತಂದ ಅರ್ಥಕ್ಕೆ ಕೊಡಬೇಡಿ. "ಮೊದಲ ಕ್ಯಾಪ್ಟನ್" ಎಂಬ ಪ್ರಶ್ನೆಗೆ ಮೇಲಿನ ನಾಲ್ಕೂ ಸಹಜ. ಅದೇ ಪಾತ್ರಗಳು ಬೇರೆ ಸ್ವಭಾವದಲ್ಲಿ ಬರುವ 'ಕನ್ನಡಿ ಲೋಕ'ದ ಕಥೆಯಲ್ಲಿ ಒಂದೇ ಕಂತಿಗೆ ನೌಕೆ ಹಿಡಿದವರ ಹೆಸರು ಹೇಳಿದರೆ ಅದು ಸಹಜ ಅಲ್ಲ.

ಹಂತ 4: ಆಧಾರಗಳನ್ನು ತೂಗಿ

ಪ್ರಶ್ನೆ ಸ್ಪಷ್ಟವಾಗಿಯೇ ಇದೆ, ಆದರೂ ಉತ್ತರದಲ್ಲಿ ಜಗಳ ಎಂದಾದರೆ ಆಧಾರ ಹುಡುಕಬೇಕು. ಎಲ್ಲ ಆಧಾರಕ್ಕೂ ಒಂದೇ ತೂಕ ಇಲ್ಲ. ನಾನು ಇಡುವ ಕ್ರಮ ಇದು.

ಎಲ್ಲಕ್ಕಿಂತ ಮೇಲೆ ಕಂತು. ಪಾತ್ರ ಏನು ಹೇಳಿತು, ಪರದೆಯ ಮೇಲೆ ಏನು ಕಂಡಿತು. ಅದರ ನಂತರ ಕಂತಿನ ಶೀರ್ಷಿಕೆಗಳಲ್ಲಿ (ಕ್ರೆಡಿಟ್ಸ್) ಬರುವ ಹೆಸರುಗಳು. ಆಮೇಲೆ ಸರಣಿ ತಯಾರಿಸಿದವರೇ ಹೊರತಂದ ಪುಸ್ತಕ, ಪ್ರಸಾರದ ದಾಖಲೆ. ಆಮೇಲೆ ಅಭಿಮಾನಿಗಳು ಕಟ್ಟಿದ ವಿಕಿಗಳು, ಅಂದರೆ ಇಂಟರ್ನೆಟ್ಟಿನ ವಿಶ್ವಕೋಶಗಳು. 2003ರಲ್ಲಿ ಶುರುವಾದ 'ಸ್ಟಾರ್ ಟ್ರೆಕ್' ವಿಕಿ 'ಮೆಮರಿ ಆಲ್ಫಾ'ದಂಥವು ತುಂಬ ಶ್ರದ್ಧೆಯಿಂದ ಮಾಡಿದ ಕೆಲಸ, ಯಾವ ಕಂತು ಎಂದು ಅಲ್ಲಲ್ಲೇ ಹೇಳುತ್ತವೆ. ಅವನ್ನು ಕಂತಿಗೆ ದಾರಿ ತೋರಿಸುವ ಕೈಮರವಾಗಿ ಬಳಸಿ. ಅಲ್ಲಿ ಬರೆದಿದೆ ಎಂದಷ್ಟಕ್ಕೇ ನಿಲ್ಲಬೇಡಿ, ಕಂತು ತೆರೆದು ನೋಡಿ. ಹುಡುಕಾಟದ ಪುಟದ ಮೇಲೆ ತಾನಾಗಿ ಬರುವ ಎರಡು ಸಾಲಿನ ಸಾರಾಂಶ, ಚಾಟ್‌ಬಾಟ್ ಕೊಡುವ ಉತ್ತರ, ಇವು ಪಟ್ಟಿಯ ಕೊನೆಗೂ ಬರುವುದಿಲ್ಲ.

ಕಾರ್ಡಿನ ಹಿಂದೆ ಅಚ್ಚಾದ ಉತ್ತರ ಎಲ್ಲಿ ಬರುತ್ತದೆ? ಅದು ಆಧಾರವೇ ಅಲ್ಲ. ಪ್ರಶ್ನೆ ಬರೆದವರ ನಂಬಿಕೆ, ಅಷ್ಟೇ. ಇದನ್ನು ತೋರಿಸಲು ಸೈ-ಫೈ ಅಲ್ಲದ ಒಂದು ಪ್ರಸಂಗ ಹೇಳಬೇಕು. ಫ್ರೆಡ್ ವರ್ತ್ ಎಂಬ ಲೇಖಕರು ತಮ್ಮ ಟ್ರಿವಿಯಾ ಪುಸ್ತಕವನ್ನು ಯಾರಾದರೂ ನಕಲು ಮಾಡಿದರೆ ಸಿಕ್ಕಿಬೀಳಲಿ ಎಂದು ಬೇಕೆಂದೇ ಒಂದು ಸುಳ್ಳು ಸೇರಿಸಿದ್ದರು. ಪತ್ತೇದಾರಿ ಸರಣಿಯ ಲೆಫ್ಟಿನೆಂಟ್ ಕೊಲಂಬೊನ ಮೊದಲ ಹೆಸರು 'ಫಿಲಿಪ್' ಎಂದು. ಆ ಹೆಸರು 'ಟ್ರಿವಿಯಲ್ ಪರ್ಸ್ಯೂಟ್' ಆಟದ ಕಾರ್ಡಿನಲ್ಲಿ ಸರಿಯುತ್ತರವಾಗಿ ಬಂತು. ವರ್ತ್ 1984ರಲ್ಲಿ 30 ಕೋಟಿ ಡಾಲರ್ ಕೇಳಿ ಮೊಕದ್ದಮೆ ಹೂಡಿದರು, ಸೋತರು. ಆದರೆ ಕಾರ್ಡು ಮಾತ್ರ ತಪ್ಪೇ. ಸರಣಿಯಲ್ಲಿ ಕೊಲಂಬೊನ ಗುರುತಿನ ಬ್ಯಾಡ್ಜ್ ಹತ್ತಿರದಿಂದ ಕಂಡಾಗ ಅದರ ಮೇಲಿರುವ ಹೆಸರು 'ಫ್ರ್ಯಾಂಕ್'. ಕಾರ್ಡು ಹಿಡಿದು "ಇದರಲ್ಲೇ ಇದೆಯಲ್ಲ" ಎನ್ನುವವರಿಗೆ ಈ ಕಥೆ ಹೇಳಿ.

ಆಧಾರ ನೋಡುವಾಗ ಜನ ಎಡವುವ ಕೆಲವು ಜಾಗಗಳಿವೆ.

ಸಬ್‌ಟೈಟಲ್ ನಂಬಬೇಡಿ. ಅದನ್ನು ಬರೆದವರು ಬೇರೆ ಯಾರೋ. ಹೆಸರಿನ ಕಾಗುಣಿತ, ಗ್ರಹದ ಹೆಸರು, ಅಂಕಿ, ಇವುಗಳಲ್ಲಿ ತಪ್ಪು ನುಸುಳುವುದು ಸಾಮಾನ್ಯ. ಕಿವಿಗೊಟ್ಟು ಕೇಳಿ. ಡಬ್ಬಿಂಗ್ ಆದ ಕಂತಿನ ಮಾತು ಹಿಡಿದು ಮೂಲದ ಮಾತಿನ ಬಗ್ಗೆ ವಾದಿಸಬೇಡಿ.

ಯಾವ ಆವೃತ್ತಿ ನೋಡುತ್ತಿದ್ದೀರಿ ಎಂದು ಗಮನಿಸಿ. ಮೊದಲ 'ಸ್ಟಾರ್ ಟ್ರೆಕ್' ಸರಣಿಯನ್ನು 2006ರಿಂದ ಹೊಸದಾಗಿ ಸಿದ್ಧಪಡಿಸಿದಾಗ ನೌಕೆ, ಗ್ರಹಗಳ ದೃಶ್ಯಗಳನ್ನು ಕಂಪ್ಯೂಟರಿನಲ್ಲಿ ಮತ್ತೆ ಮಾಡಿ ಸೇರಿಸಿದರು. ಗ್ರಹದ ಬಣ್ಣದ ಪ್ರಶ್ನೆಗೆ ಹೊಸ ಆವೃತ್ತಿ ತೋರಿಸಿ "ನೋಡಿ" ಎಂದರೆ, 1960ರ ದಶಕದ ಕಂತಿಗೆ ಅದು ಆಧಾರ ಆಗುವುದಿಲ್ಲ.

ಕಂತೇ ಇಲ್ಲದಿದ್ದರೆ? 'ಡಾಕ್ಟರ್ ಹೂ'ದಲ್ಲಿ ಈ ತೊಂದರೆ ಇದೆ. 1960ರ ದಶಕದ ಅನೇಕ ಕಂತುಗಳ ಚಿತ್ರವನ್ನು ಬಿಬಿಸಿ ಉಳಿಸಲಿಲ್ಲ. ಆದರೆ ಅಭಿಮಾನಿಗಳು ಮನೆಯಲ್ಲಿ ಟೇಪ್ ಮಾಡಿಕೊಂಡಿದ್ದರಿಂದ ಅವುಗಳ ಧ್ವನಿ ಉಳಿದಿದೆ. ಮಾತಿನ ಬಗ್ಗೆ ಜಗಳವಾದರೆ ಧ್ವನಿ ಗಟ್ಟಿ ಆಧಾರ. ಕಳೆದುಹೋದ ಕಂತುಗಳಲ್ಲಿ ಕೆಲವನ್ನು ಆಮೇಲೆ ಅನಿಮೇಷನ್ ಮಾಡಿದ್ದಾರೆ. ಅದರಲ್ಲಿ ಕಂಡ ಬಟ್ಟೆ, ಬಣ್ಣ, ಕೋಣೆ ಇವು ಮೂಲ ಕಂತಿಗೆ ಸಾಕ್ಷಿಯಲ್ಲ.

ಇನ್ನು ಪ್ರಸಿದ್ಧ ಮಾತುಗಳು. ಬಾಯಿಂದ ಬಾಯಿಗೆ ಹೋಗಿ ಬದಲಾದ ಮಾತನ್ನೇ ಕಾರ್ಡಿನಲ್ಲೂ ಅಚ್ಚು ಹಾಕಿರುತ್ತಾರೆ. "ಬೀಮ್ ಮೀ ಅಪ್, ಸ್ಕಾಟಿ" (ನನ್ನನ್ನು ನೌಕೆಗೆ ಸೆಳೆದುಕೋ, ಸ್ಕಾಟಿ) ಎಂಬ ವಾಕ್ಯವನ್ನು ಮೊದಲ 'ಸ್ಟಾರ್ ಟ್ರೆಕ್' ಸರಣಿಯಲ್ಲಿ ಯಾರೂ ಅದೇ ಪದಗಳಲ್ಲಿ ಹೇಳಿಲ್ಲ. ಹತ್ತಿರದ ಮಾತುಗಳಿವೆ, ಅದೇ ಅಲ್ಲ. ಪ್ರತಿ ಕಂತಿನ ಆರಂಭದ ಮಾತಿನಲ್ಲಿ ಕರ್ಕ್ ಹೇಳುವುದು "ವೇರ್ ನೋ ಮ್ಯಾನ್ ಹ್ಯಾಸ್ ಗಾನ್ ಬಿಫೋರ್". 1987ರ 'ಸ್ಟಾರ್ ಟ್ರೆಕ್: ದಿ ನೆಕ್ಸ್ಟ್ ಜನರೇಷನ್'ನಲ್ಲಿ ಕ್ಯಾಪ್ಟನ್ ಪಿಕಾರ್ಡ್ "ನೋ ಮ್ಯಾನ್" ಬದಲು ಹೇಳುವುದು "ನೋ ವನ್". ಯಾವ ಸರಣಿ ಎಂದು ಹೇಳದೆ ಆ ಸಾಲನ್ನು ಪೂರ್ತಿ ಮಾಡಿ ಎಂದರೆ ಎರಡಕ್ಕೂ ಪಾಯಿಂಟ್.

ಹಂತ 5: ಕಂತುಗಳೇ ಎರಡು ಮಾತು ಹೇಳಿದರೆ

ಇದು ನನಗೆ ತುಂಬ ಇಷ್ಟವಾದ ಭಾಗ. ಕಂತು ಎಲ್ಲಕ್ಕಿಂತ ಮೇಲಿನ ಆಧಾರ ಎಂದೆನಲ್ಲ, ಕಂತುಗಳೇ ಒಂದಕ್ಕೊಂದು ಒಪ್ಪದಿದ್ದರೆ ಏನು ಮಾಡುವುದು?

'ಡಾಕ್ಟರ್ ಹೂ'ದಲ್ಲಿ ಡಾಕ್ಟರ್ ಕಾಲಯಾನ ಮಾಡುವ ನೌಕೆ 'ಟಾರ್ಡಿಸ್'. ಆ ಹೆಸರಿನ ವಿಸ್ತರಣೆ ನೋಡಿ. 1963ರ ಮೊದಲ ಕಥೆಯಲ್ಲಿ ಸೂಸನ್ ಎಂಬ ಪಾತ್ರ ಹೇಳುವುದು "ಟೈಮ್ ಅಂಡ್ ರಿಲೇಟಿವ್ ಡೈಮೆನ್ಷನ್ ಇನ್ ಸ್ಪೇಸ್". ಏಕವಚನ. 1965ರ 'ದಿ ಟೈಮ್ ಮೆಡ್ಲರ್' ಕಥೆಯಲ್ಲಿ ವಿಕಿ ಎಂಬ ಹುಡುಗಿ ಅದನ್ನೇ "ಡೈಮೆನ್ಷನ್ಸ್" ಎನ್ನುತ್ತಾಳೆ. ಬಹುವಚನ. ಆಮೇಲೆ ಎರಡೂ ಬಳಕೆಯಲ್ಲಿ ಉಳಿದವು. ಒಂದು 'ಎಸ್'ಗಾಗಿ ಪಾಯಿಂಟ್ ಕಿತ್ತುಕೊಳ್ಳುವುದು ಅನ್ಯಾಯ. ಎರಡನ್ನೂ ಒಪ್ಪಿ.

ಕರ್ಕ್ ಹೆಸರಿನ ನಡುವಿನ ಅಕ್ಷರದ ವಿಷಯ ಬೇರೆ. ಎಲ್ಲರಿಗೂ ಗೊತ್ತಿರುವುದು 'ಟಿ', ಅಂದರೆ ಟೈಬೀರಿಯಸ್. ಆದರೆ ಎರಡನೆಯ ಪೈಲಟ್‌ನಲ್ಲಿ ಅವನಿಗಾಗಿ ಮಾಡಿದ ಸಮಾಧಿ ಕಲ್ಲಿನ ಮೇಲೆ 'ಜೇಮ್ಸ್ ಆರ್. ಕರ್ಕ್' ಎಂದು ಸ್ಪಷ್ಟವಾಗಿ ಕೆತ್ತಿದೆ. ಸರಣಿ ಆಗಿನ್ನೂ ರೂಪ ತಳೆಯುತ್ತಿತ್ತು, ಆಮೇಲೆ ಅಕ್ಷರ ಬದಲಾಯಿತು. ಟೈಬೀರಿಯಸ್ ಎಂಬ ಪೂರ್ತಿ ಹೆಸರು ಅನಿಮೇಟೆಡ್ ಸರಣಿಯಲ್ಲಿ ಬಂತು, 1991ರ ಆರನೆಯ 'ಸ್ಟಾರ್ ಟ್ರೆಕ್' ಸಿನಿಮಾದಲ್ಲಿ ಮತ್ತೆ ಕೇಳಿಸಿತು. ತಂಡವೊಂದು 'ಆರ್' ಎಂದು ಬರೆದು ಆ ಕಲ್ಲನ್ನು ತೋರಿಸಿದರೆ? ನಾನು ಕೊಡುವುದಿಲ್ಲ. ಪ್ರಶ್ನೆ ಪಾತ್ರದ ಹೆಸರಿನ ಬಗ್ಗೆ ಇದೆ, ಉಳಿದೆಲ್ಲ ಕಡೆ ಅದು 'ಟಿ'. ಪ್ರಶ್ನೆ "ಸಮಾಧಿ ಕಲ್ಲಿನ ಮೇಲೆ ಯಾವ ಅಕ್ಷರ ಇತ್ತು" ಎಂದಿದ್ದರೆ 'ಆರ್' ಒಂದೇ ಉತ್ತರ.

ಹಾಗಾದರೆ ಸೂತ್ರ ಏನು? ಎರಡು ರೂಪಗಳೂ ಸರಣಿಯಲ್ಲಿ ಬಾಳಿಕೊಂಡು ಬಂದಿದ್ದರೆ ಎರಡಕ್ಕೂ ಪಾಯಿಂಟ್. ಒಂದು ರೂಪ ಒಮ್ಮೆ ಬಂದು ಸರಣಿಯೇ ಅದನ್ನು ಕೈಬಿಟ್ಟಿದ್ದರೆ ಉಳಿದುಕೊಂಡದ್ದಕ್ಕೆ ಪಾಯಿಂಟ್.

"ಡಾಕ್ಟರ್ ಹೂ ಎನ್ನುವುದು ಪಾತ್ರದ ಹೆಸರಲ್ಲ, ಬರೀ ಡಾಕ್ಟರ್" ಎಂದು ತಿದ್ದುವವರು ಪ್ರತಿ ಗುಂಪಿನಲ್ಲೂ ಇರುತ್ತಾರೆ. ಕಥೆಯೊಳಗೆ ಅವರ ಮಾತು ಸರಿ. ಆದರೆ 1963ರಿಂದ 1981ರವರೆಗೆ ಕೊನೆಯ ಶೀರ್ಷಿಕೆಗಳಲ್ಲಿ ಪಾತ್ರದ ಹೆಸರು 'ಡಾಕ್ಟರ್ ಹೂ' ಎಂದೇ ಬಂದಿತ್ತು. 2005ರಲ್ಲಿ ಕ್ರಿಸ್ಟಫರ್ ಎಕಲ್‌ಸ್ಟನ್ ಆಡಿದ ಸೀಸನ್‌ನಲ್ಲೂ ಹಾಗೆಯೇ. ಆಧಾರ ಇರುವ ಉತ್ತರವನ್ನು ಬರೀ ಶುದ್ಧತೆಯ ಹೆಸರಲ್ಲಿ ತಳ್ಳಿಹಾಕುವುದು ಸರಿಯಲ್ಲ. ಇಲ್ಲಿ ನಾನು ಎರಡನ್ನೂ ಒಪ್ಪುತ್ತೇನೆ.

ಎಣಿಕೆಯ ಪ್ರಶ್ನೆಗಳಿಗೂ ಇದೇ ಗತಿ. 'ದಿ ನೆಕ್ಸ್ಟ್ ಜನರೇಷನ್' ಎಷ್ಟು ಕಂತು? 178 ಎಂದು ಬಹಳ ಕಡೆ ಇದೆ. ಆದರೆ ಮೊದಲ ಕಥೆಯೂ ಕೊನೆಯ ಕಥೆಯೂ ಎರಡೆರಡು ಗಂಟೆಯ ಒಂದೊಂದು ಕಂತಾಗಿ ಮೊದಲು ಪ್ರಸಾರವಾದವು. ಆಮೇಲೆ ತಲಾ ಎರಡಾಗಿ ಒಡೆದರು. ಪ್ರಸಾರವಾದ ಹಾಗೆ ಎಣಿಸಿದರೆ 176. ಮೊದಲ 'ಸ್ಟಾರ್ ಟ್ರೆಕ್' 79 ಕಂತು, ತಿರಸ್ಕೃತ ಪೈಲಟ್ ಸೇರಿಸಿದರೆ 80. ಇಂಥ ಪ್ರಶ್ನೆ ಹಾಕುವುದೇ ಬೇಡ ಎನ್ನುತ್ತೇನೆ. ಹಾಕಿದ್ದರೆ ಎರಡು ಎಣಿಕೆಯನ್ನೂ ಒಪ್ಪಿ.

ಹಂತ 6: ತೀರ್ಪು ಕೊಡಿ, ಎರಡು ನಿಮಿಷದೊಳಗೆ

ತೀರ್ಪುಗಳು ಮೂರೇ. ಒಪ್ಪಿದೆ. ಒಪ್ಪಿಲ್ಲ. ಪ್ರಶ್ನೆ ರದ್ದು.

ಒಪ್ಪುವುದು ಯಾವಾಗ ಎಂದು ಮೇಲೆ ಹೇಳಿದೆ. ಕಾರ್ಡೇ ತಪ್ಪು ಎಂದು ಕಂತಿನಿಂದ ಖಾತ್ರಿಯಾದರೆ ಕಂತು ಹೇಳುವ ಉತ್ತರಕ್ಕೆ ಮಾತ್ರ ಪಾಯಿಂಟ್. ಕಾರ್ಡಿನ ತಪ್ಪು ಉತ್ತರ ಹೇಳಿದವರಿಗೆ ಬೇಸರವಾಗುತ್ತದೆ, ಆದರೂ ಕೊಡಬೇಡಿ. ಎರಡು ನಿಮಿಷ ಹುಡುಕಿದರೂ ತೀರ್ಮಾನ ಆಗದಿದ್ದರೆ ಪ್ರಶ್ನೆ ರದ್ದು ಮಾಡಿ ಮೀಸಲು ಪ್ರಶ್ನೆ ಹಾಕಿ. ಅರ್ಧ ಪಾಯಿಂಟ್ ಕೊಡುವ ಪದ್ಧತಿ ಕೆಲವು ಗುಂಪುಗಳಲ್ಲಿದೆ. ನನಗೆ ಅದು ಹಿಡಿಸುವುದಿಲ್ಲ. ಇಬ್ಬರನ್ನೂ ಸಮಾಧಾನ ಮಾಡಲು ಹೋಗಿ ಇಬ್ಬರಿಗೂ ಕಾರಣ ಹೇಳದೆ ಬಿಟ್ಟಂತಾಗುತ್ತದೆ.

ತೀರ್ಪಿನ ಜೊತೆ ಒಂದು ವಾಕ್ಯದ ಕಾರಣ ಹೇಳಿ. "ಪ್ರಶ್ನೆಯಲ್ಲಿ ವರ್ಷ ಇರಲಿಲ್ಲ, ಅದಕ್ಕೆ ಎರಡೂ ಸರಿ." ಕಾರಣ ಕೇಳಿಸಿಕೊಂಡ ತಂಡ ಸೋತರೂ ಸುಮ್ಮನಾಗುತ್ತದೆ. ಕೈ ಎತ್ತಿಸಿ ಮತ ಹಾಕಿಸಬೇಡಿ. ಜಾಸ್ತಿ ಜನ ತಪ್ಪಾಗಿ ನೆನಪಿಟ್ಟುಕೊಂಡಿದ್ದರೆ ತಪ್ಪೇ ಗೆಲ್ಲುತ್ತದೆ.

ಹಂತ 7: ಅಂಕವನ್ನು ಎಲ್ಲ ತಂಡಗಳಿಗೂ ಸರಿಪಡಿಸಿ

ಹಾಳೆಯಲ್ಲಿ ಬರೆದುಕೊಡುವ ಆಟದಲ್ಲಿ ಇದು ತುಂಬ ಸಲ ತಪ್ಪಿಹೋಗುತ್ತದೆ. ಒಂದು ತಂಡ ತಕರಾರು ಮಾಡಿ ಗೆದ್ದಿತು. ಅದೇ ಉತ್ತರ ಬರೆದು ಸುಮ್ಮನೆ ಕೂತ ಇನ್ನೆರಡು ತಂಡಗಳೂ ಇರಬಹುದು. ಅವಕ್ಕೂ ಪಾಯಿಂಟ್ ಹೋಗಬೇಕು. ಎಲ್ಲ ಹಾಳೆಗಳನ್ನೂ ಮತ್ತೊಮ್ಮೆ ನೋಡಿ. ಗಲಾಟೆ ಮಾಡಿದವರಿಗಷ್ಟೇ ಕೊಟ್ಟರೆ ಮುಂದಿನ ಸುತ್ತಿನಿಂದ ಎಲ್ಲರೂ ಗಲಾಟೆ ಮಾಡುತ್ತಾರೆ.

ಬಝರ್ ಆಟದಲ್ಲಿ ಸರಿಯುತ್ತರ ಕೊಟ್ಟವರನ್ನು ತಪ್ಪೆಂದು ಕೂರಿಸಿ, ಪ್ರಶ್ನೆ ಬೇರೆ ತಂಡಕ್ಕೆ ಹೋಗಿದ್ದರೆ, ಮೊದಲ ತಂಡಕ್ಕೆ ಪಾಯಿಂಟ್ ಕೊಟ್ಟು ಎರಡನೆಯವರದ್ದನ್ನು ತೆಗೆಯಿರಿ.

ಆಟ ಮುಗಿದ ಮೇಲೆ ತಪ್ಪು ಗೊತ್ತಾದರೆ ಫಲಿತಾಂಶ ಬದಲಿಸಬೇಡಿ. ತಪ್ಪಾಗಿತ್ತು ಎಂದು ಎಲ್ಲರಿಗೂ ತಿಳಿಸಿ, ಮುಂದಿನ ಹಂತಕ್ಕೆ ಹೋಗಿ.

ಹಂತ 8: ಕಾರ್ಡು ತಿದ್ದಿಡಿ

ನೋಟ್‌ಬುಕ್ ಬೇಕು ಎಂದದ್ದು ಇದಕ್ಕೆ. ಪ್ರತಿ ತಕರಾರಿಗೂ ನಾಲ್ಕು ವಿಷಯ ಬರೆಯಿರಿ: ಪ್ರಶ್ನೆ, ಬಂದ ಉತ್ತರಗಳು, ಯಾವ ಕಂತು ನೋಡಿದಿರಿ, ಏನು ತೀರ್ಮಾನ. ಕಂತಿನ ಹೆಸರಿನ ಜೊತೆ ಆ ದೃಶ್ಯ ಎಷ್ಟನೆಯ ನಿಮಿಷದಲ್ಲಿ ಬರುತ್ತದೆ ಎಂದೂ ಬರೆದರೆ ಮುಂದಿನ ಸಲ ಹುಡುಕಾಟ ಉಳಿಯುತ್ತದೆ.

ಆಮೇಲೆ ಪ್ರಶ್ನೆಯನ್ನೇ ಬಿಗಿ ಮಾಡಿ. "ಡಾಲೆಕ್ ಮೊದಲು ಕಾಣಿಸಿದ್ದು ಯಾವಾಗ?" ಎಂಬ ಪ್ರಶ್ನೆ ತೆಗೆದುಕೊಳ್ಳಿ. 1963ರ ಡಿಸೆಂಬರ್ 21ರ ಕಂತಿನ ಕೊನೆಯಲ್ಲಿ ಬಾರ್ಬರಾ ಎಂಬ ಪಾತ್ರದ ಕಡೆಗೆ ಚಾಚಿದ ಅದರ ಕೈ ಮಾತ್ರ ಕಾಣುತ್ತದೆ. ಪೂರ್ತಿ ಡಾಲೆಕ್ ಕಂಡದ್ದು ಒಂದು ವಾರದ ನಂತರ, 28ರಂದು. ಹಾಗಾಗಿ ಎರಡು ತಾರೀಖಿಗೂ ವಾದ ನಡೆಯುತ್ತದೆ. ಅದನ್ನು "ಡಾಲೆಕ್‌ನ ಪೂರ್ತಿ ಆಕಾರ ಬಿಬಿಸಿಯಲ್ಲಿ ಮೊದಲು ಪ್ರಸಾರವಾದ ತಾರೀಖು ಯಾವುದು?" ಎಂದು ಬರೆದರೆ ಜಗಳಕ್ಕೆ ಜಾಗವೇ ಇಲ್ಲ. ಹಾಗೆಯೇ "ಮೊದಲ ಕ್ಯಾಪ್ಟನ್" ಪ್ರಶ್ನೆಯನ್ನು "1964ರಲ್ಲಿ ಚಿತ್ರೀಕರಿಸಿದ ಸ್ಟಾರ್ ಟ್ರೆಕ್ ಪೈಲಟ್‌ನಲ್ಲಿ ಎಂಟರ್‌ಪ್ರೈಸ್ ಕ್ಯಾಪ್ಟನ್ ಯಾರು?" ಎಂದು ಮಾಡಿ. ಸ್ಟಾರ್‌ಬಕ್ ಪ್ರಶ್ನೆಗೆ ವರ್ಷ ಸೇರಿಸಿ. ಎಕ್ಸ್-ಫೈಲ್ಸ್ ಕಾರ್ಡಿನ ಮೂಲೆಯಲ್ಲಿ ತಿದ್ದಿದ ತಾರೀಖು ಬರೆದಿಡಿ, ಸರಣಿ ಮತ್ತೆ ಶುರುವಾದರೆ ಯಾವ ಕಾರ್ಡು ತೆಗೆದು ನೋಡಬೇಕು ಎಂದು ಗೊತ್ತಿರುತ್ತದೆ.

ಈ ತಿದ್ದುವ ಕೆಲಸವನ್ನು ತಕರಾರು ಮಾಡಿದವರಿಗೇ ಕೊಡಿ. ಆ ಕಂತು ಅವರಿಗೆ ಚೆನ್ನಾಗಿ ಗೊತ್ತು, ಪ್ರಶ್ನೆ ಎಲ್ಲಿ ಸಡಿಲ ಇತ್ತು ಎಂಬುದೂ ಗೊತ್ತು. ಬರೆದು ತಂದ ಪ್ರಶ್ನೆಯನ್ನು ಆ ಸರಣಿ ನೋಡಿದ ಇನ್ನೊಬ್ಬರಿಗೆ ಓದಿಸಿ, ಬೇರೆ ಉತ್ತರ ಹೊಳೆಯುತ್ತದೆಯೇ ಕೇಳಿ. ಹೊಳೆಯದಿದ್ದರೆ ಡಬ್ಬಿಗೆ ಹಾಕಿ.